ಮೂವತ್ತಾರನೆಯ ಹೆಸರು

ಸಂಜೆ ಏಳಾದರೂ ಹೊರಗೆ ನಲವತ್ತಾರು ಡಿಗ್ರಿ ಇತ್ತು. ಹಾಸಗಲ್ಲ ಊರಿನ ಗೋಡೆಗಳು ಹಗಲೆಲ್ಲ ಕುಡಿದ ಬಿಸಿಲನ್ನು ಈಗ ಮನೆಯೊಳಗೆ ಕಾರುತ್ತಿದ್ದವು. ಅಂಥ ಹೊತ್ತಿನಲ್ಲಿ ಕಲ್ಲುಗಣಿಯಿಂದ ಬಂದ ಚಂದ್ರಶಾ, ಧೂಳು ಹಿಡಿದ ಅಂಗಿಯನ್ನೂ ಬಿಚ್ಚದೆ ಹೊರಸಿನ ಮೇಲೆ ಮುದುಡಿ ಮಲಗಿ, "ಮಹಾನಂದಾ, ಒಂದ್ ಕೌದಿ ಕೊಡು. ಯಾಕೋ ಥಂಡಿ ಆಗ್ಲಕತ್ತದ" ಅಂದ.

ಮಹಾನಂದಾ ಮೊದಲು ನಕ್ಕಳು. ಆಮೇಲೆ ಗಂಡನ ಹಣೆಯ ಮೇಲೆ ಕೈಯಿಟ್ಟಳು. ನಗು ಅಲ್ಲೇ ನಿಂತಿತು. ಹಣೆ ಬೆಳಗಿನ ಜಾವದ ನೆಲದಷ್ಟು ತಣ್ಣಗಿತ್ತು. ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತ ನಾಡಿ ಎಣಿಸಿದಳು. ನಿಮಿಷಕ್ಕೆ ನಲವತ್ನಾಲ್ಕು.

"ಬಿಸಲ ಹೊಡದಾದ ನನ್ನ ಮಗಗ. ನೀರು ಕುಡಸು, ಮೊದಲ ನೀರು ಕುಡಸು," ಎಂದು ಅತ್ತೆ ಗೌರಾಬಾಯಿ ಮೂಲೆಯಿಂದ ಕೂಗಿದರು.

ಮಹಾನಂದಾ ನಳದ ಕೆಳಗೆ ತಂಬಿಗೆ ಹಿಡಿದಳು. ಅರ್ಧ ತುಂಬಿದಾಗ ಅವಳ ಕೈ ತಾನಾಗಿ ನಿಂತುಬಿಟ್ಟಿತು. ಬಿಸಿಲು ಹೊಡೆದವನ ಮೈ ಕೆಂಡದಂತಿರಬೇಕು. ನಾಡಿ ಓಡುತ್ತಿರಬೇಕು. ಇದು ತಿರುವುಮುರುವಾಗಿತ್ತು. ಅವಳು ತಂಬಿಗೆಯ ನೀರನ್ನು ಬಚ್ಚಲಿಗೆ ಸುರಿದಳು.

ಆ ನಳದಲ್ಲಿ ಬರುತ್ತಿದ್ದುದು ಬರಿಯ ನೀರಲ್ಲ. ಐದು ವರ್ಷದ ಹಿಂದೆ ಹಾಸಗಲ್ಲದಲ್ಲಿ ಬೇಸಿಗೆ ಮೊದಲ ಸಲ ಐವತ್ತೆರಡು ಡಿಗ್ರಿ ಮುಟ್ಟಿದಾಗ ಜನ ಊರು ಬಿಡಲು ತಯಾರಾಗಿದ್ದರು. ಊರು ಉಳಿದದ್ದು ಹದನೀರಿನಿಂದ. ಕುದಿಯುವ ಬಿಸಿನೀರಿನ ಬುಗ್ಗೆಗಳಲ್ಲಿ ಬದುಕುವ ಒಂದು ಸೂಕ್ಷ್ಮಜೀವಿಯಿಂದ ವಿಜ್ಞಾನಿಗಳು ಒಂದು ಸತ್ವ ತೆಗೆದಿದ್ದರು. ಅದನ್ನು ಕುಡಿಯುವ ನೀರಿನಲ್ಲಿ ಬೆರೆಸಿದರೆ ರಕ್ತ ಸೇರಿ ಜೀವಕೋಶಗಳು ಬಿಸಿಗೆ ಕೆಡದಂತೆ ಕಾಯುತ್ತಿತ್ತು. ರಕ್ತದಲ್ಲಿ ಅದರ ಅಂಕ ನಲವತ್ತೈದರಿಂದ ಅರವತ್ತರೊಳಗೆ ಇದ್ದರೆ ಹದ. ನಲವತ್ತಕ್ಕಿಂತ ಇಳಿದರೆ ಬಿಸಿಲು ಕೊಲ್ಲುತ್ತದೆ. ಎಪ್ಪತ್ತು ದಾಟಿದರೆ ಮೈ ತಣ್ಣಗಾಗುತ್ತ, ಎದೆಬಡಿತ ನಿಧಾನವಾಗುತ್ತ ಹೋಗಿ, ಒಂದು ದಿನ ನಿಂತೇಬಿಡಬಹುದು. ಬೆವರಿನಲ್ಲಿ ನೀರು ಹೋಗುತ್ತದೆ, ಸತ್ವ ಹೋಗುವುದಿಲ್ಲ.

ನೀರಿಗೆ ಎಷ್ಟು ಬೆರೆಸಬೇಕು ಎಂಬುದಕ್ಕೆ ಊರಿನವರ ರಕ್ತದ ಸರಾಸರಿ ಅಂಕ ತಿಳಿಯಬೇಕು. ಊರಿನಲ್ಲಿ ಒಂದು ಲಕ್ಷ ಹನ್ನೆರಡು ಸಾವಿರ ಜನ. ರಕ್ತ ನೋಡುವ ಯಂತ್ರಗಳು ಎರಡೇ, ಅದರಲ್ಲೊಂದು ಕೆಟ್ಟು ಕೂತು ಮೂರು ತಿಂಗಳಾಗಿತ್ತು. ಒಂದು ಹನಿ ನೋಡಲು ಉಳಿದ ಯಂತ್ರಕ್ಕೆ ಹದಿನೈದು ನಿಮಿಷ ಬೇಕು. ಎಲ್ಲರದ್ದೂ ನೋಡುವುದು ಆಗದ ಮಾತು. ಅದಕ್ಕೇ ವಾರಕ್ಕೆ ಅರವತ್ತನಾಲ್ಕು ಮಂದಿಯ ರಕ್ತ ತೆಗೆದು, ಅವರ ಸರಾಸರಿಯಿಂದ ಊರಿನ ಸರಾಸರಿಯನ್ನು ಅಂದಾಜು ಮಾಡುತ್ತಿದ್ದರು. ಆ ಅಂದಾಜಿನ ಕೆಲಸ ಮಹಾನಂದಾಳದ್ದು. ಜಲಕೇಂದ್ರದಲ್ಲಿ ಅವಳು ಸಂಖ್ಯಾಶಾಸ್ತ್ರದ ಅಧಿಕಾರಿ.

ಅವಳು ಚೀಲದಿಂದ ಸೂಜಿ ತೆಗೆದು ಗಂಡನ ಬೆರಳಿನಿಂದ ಒಂದು ಹನಿ ರಕ್ತ ತೆಗೆದಳು. ಏನೋ ಹೊಳೆದು ಅತ್ತೆಯ ಬೆರಳಿಗೂ ಚುಚ್ಚಿದಳು.

"ನನಗ್ಯಾಕವ್ವ? ನನಗೇನಾಗ್ಯಾದ?"

"ಸುಮ್ನ ನೋಡ್ತೀನಿ ಅತ್ತಿ."

ನೆರೆಮನೆಯವರ ಬಾವಿಯಿಂದ ಸತ್ವ ಬೆರೆಸದ ಒಂದು ಕೊಡ ಸಪ್ಪೆ ನೀರು ತರಿಸಿ, "ಇದನ್ನಷ್ಟೇ ಕುಡೀರಿ. ನಳದ ನೀರು ಮುಟ್ಟಬ್ಯಾಡ್ರಿ," ಎಂದು ಗಂಡನಿಗೆ ಹೇಳಿ ಕೇಂದ್ರಕ್ಕೆ ಓಡಿದಳು.

ಪ್ರಯೋಗಾಲಯದಲ್ಲಿ ನುಸ್ರತ್ ಬೇಗಂ ಇನ್ನೂ ಮನೆಗೆ ಹೋಗಿರಲಿಲ್ಲ. ರಕ್ತದ ಯಂತ್ರ ನಡೆಸುವವಳು ಅವಳೊಬ್ಬಳೇ. ಎರಡು ಹನಿಗಳಿಗೆ ಅರ್ಧ ಗಂಟೆ ಹಿಡಿಯಿತು. ಚಂದ್ರಶಾನದ್ದು ಎಪ್ಪತ್ನಾಲ್ಕು. ಗೌರಾಬಾಯಿಯದ್ದು ಮೂವತ್ತೆಂಟು.

"ಒಂದೇ ಮನಿಯಾಗ?" ನುಸ್ರತ್ ಬೆರಗಾಗಿ ಕೇಳಿದಳು.

"ಇವರು ಗಣಿಯಾಗ ದಿನಾ ಹನ್ನೆರಡು ಲೀಟರ್ ಕುಡೀತಾರ. ಅತ್ತಿ ಮಂಡಿನೋವಿನಿಂದ ಎದ್ದು ಬಚ್ಚಲಿಗೆ ಹೋಗೋದು ತ್ರಾಸು ಅಂತ ಎರಡು ವಾಟಿ ಕುಡದ್ರ ಹೆಚ್ಚು," ಎಂದಳು ಮಹಾನಂದಾ. ಇಬ್ಬರ ಸರಾಸರಿ ತೆಗೆದರೆ ಐವತ್ತಾರು ಬರುತ್ತಿತ್ತು. ಕಾಗದದ ಮೇಲೆ ಅದು ಹದವಾಗಿದ್ದ ಮನೆ. ಒಳಗೆ ಇಬ್ಬರೂ ಸಾವಿನ ಎರಡು ದಂಡೆಗಳಲ್ಲಿ ಕೂತಿದ್ದರು.

ಅವಳು ಗಣಕದ ಮುಂದೆ ಕೂತು ಹಿಂದಿನ ಆರು ವಾರಗಳ ಪಟ್ಟಿ ತೆರೆದಳು. ಒಟ್ಟು ಮುನ್ನೂರ ಎಂಬತ್ನಾಲ್ಕು ಹೆಸರು. ಹೆಸರಿನ ಮುಂದೆ ಉದ್ಯೋಗ. ನಿವೃತ್ತ ಶಿಕ್ಷಕ. ಗೃಹಿಣಿ. ಅಂಗಡಿ ಮಾಲೀಕ. ಗೃಹಿಣಿ. ಕಚೇರಿ ಗುಮಾಸ್ತ. ಊರಿನ ದುಡಿಯುವವರಲ್ಲಿ ಮೂವರಿಗೊಬ್ಬರು ಕಲ್ಲಿನ ಕೆಲಸದವರು. ಪಟ್ಟಿಯಲ್ಲಿ ಗಣಿಯವರು ಐದೇ ಮಂದಿ ಸಿಕ್ಕರು.

ಎರಡು ವರ್ಷದ ಹಿಂದಿನ ಒಂದು ಮಧ್ಯಾಹ್ನ ಅವಳ ಕಣ್ಣಮುಂದೆ ಬಂತು. ಮೊದಲೆಲ್ಲ ಪಡಿತರ ಪಟ್ಟಿಯಿಂದ ಚೀಟಿ ಎತ್ತಿ, ಹೆಸರು ಬಂದವರ ಮನೆಗೇ ಹೋಗಿ ರಕ್ತ ತರುತ್ತಿದ್ದರು. ಬಿಸಿಲಿನಲ್ಲಿ ಅಲೆದು ಇಬ್ಬರು ಕಾರ್ಯಕರ್ತೆಯರು ಬಿದ್ದ ಮೇಲೆ, "ಆರೋಗ್ಯ ಕೇಂದ್ರಕ್ಕ ಬಂದವರದ್ದೇ ತಗೊಂಡ್ರ ನಡೀತದೇನ್ರಿ?" ಎಂದು ಕೇಳಿದ್ದರು. "ನಡೀತದ," ಎಂದು ಸಹಿ ಮಾಡಿದವಳು ಮಹಾನಂದಾ. ಹಗಲಿನಲ್ಲಿ ಆರೋಗ್ಯ ಕೇಂದ್ರಕ್ಕೆ ಬರುವಷ್ಟು ಬಿಡುವಿದ್ದವರು ಯಾರು, ಗಣಿಯಲ್ಲಿ ಕಲ್ಲು ಕೊರೆಯುವವರು ಬರುತ್ತಾರೆಯೇ ಎಂದು ಅವಳು ಆಗ ಕೇಳಿಕೊಂಡಿರಲಿಲ್ಲ.

ಹಿಂದಿನ ಹದಿನೈದು ದಿನದಲ್ಲಿ ಗಣಿ ಕೆಲಸದವರ ತಾಂಡಾದಲ್ಲಿ ಮೂವರು ಸತ್ತಿದ್ದರು. ಮೂರೂ ವರದಿಗಳಲ್ಲಿ 'ಬಿಸಿಲ ಹೊಡೆತ' ಎಂದು ಬರೆದಿತ್ತು. ಬಿದ್ದವರಿಗೆ ಕೊಟ್ಟ ಚಿಕಿತ್ಸೆ: ಹೆಚ್ಚು ಹದನೀರು.

ಮಹಾನಂದಾ ಪಟ್ಟಿ ಮುಚ್ಚಿದಳು. ಎದ್ದು ನಿಯಂತ್ರಣ ಕೊಠಡಿಗೆ ನಡೆದಳು.

ಜಲಕೇಂದ್ರದ ಮುಖ್ಯಸ್ಥರು ಗುರುಪಾದಪ್ಪ ಮಾಲಿಪಾಟೀಲರು. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ನಾಡಿದ್ದಿನಿಂದ ಮೂರು ದಿನ ಐವತ್ಮೂರು ಡಿಗ್ರಿ ಎಂದು ಕೆಂಪಾಗಿ ಬರೆದಿತ್ತು. ಅದರ ಕೆಳಗೆ ಈ ವಾರದ ಸರಾಸರಿ, ನಲವತ್ಮೂರು ಪಾಯಿಂಟ್ ಆರು. ಅಷ್ಟು ಕಡಿಮೆಯಿದ್ದರೆ ಬಿಸಿಗಾಳಿಯಲ್ಲಿ ಊರು ಉಳಿಯುವುದಿಲ್ಲ. ಆದ್ದರಿಂದ ಸತ್ವವನ್ನು ಮೂರನೇ ಒಂದು ಪಾಲು ಹೆಚ್ಚಿಸಿ ಐವತ್ತೆಂಟಕ್ಕೆ ಏರಿಸುವುದೆಂದು ತೀರ್ಮಾನವಾಗಿತ್ತು. ಮರುದಿನ ಸಂಜೆ ನಾಲ್ಕಕ್ಕೆ ಸತ್ವದ ಮುಖ್ಯ ಕವಾಟ ತೆರೆಯಬೇಕಿತ್ತು.

"ತೆರೀಬಾರದ್ರಿ ಸರ್," ಎಂದು ಮಹಾನಂದಾ ಎಲ್ಲವನ್ನೂ ಹೇಳಿದಳು.

ಮಾಲಿಪಾಟೀಲರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ನಿಮ್ಮ ಯಜಮಾನರದ್ದು ಎಪ್ಪತ್ನಾಲ್ಕು ಬಂದದ, ಖರೇ. ಒಬ್ಬರ ರಕ್ತ ಹಿಡ್ಕೊಂಡು ಇಡೀ ಊರಿನ ಮದ್ದು ನಿಲ್ಲಸ್ಲಿಕ್ಕ ಬರ್ತದೇನ್ರಿ?"

"ಬರಂಗಿಲ್ಲ ಸರ್. ಅದಕ್ಕೇ ಮತ್ತೊಮ್ಮಿ ಎಣಸ್ತೀನಿ ಅನ್ಲಕತ್ತೀನಿ. ನಾಳಿ ನಸಕಿನಿಂದ ನಾಲ್ಕರ ತನಕ ಮಷೀನು ನಡಸಿದ್ರ ಮೂವತ್ತಾರು ಮಂದೀದು ನೋಡಬಹುದು."

"ಮುನ್ನೂರ ಎಂಬತ್ನಾಲ್ಕು ಮಂದಿ ಹೇಳಿದ್ದು ಸುಳ್ಳು, ಮೂವತ್ತಾರು ಮಂದಿ ಹೇಳೋದು ಖರೇ?"

"ಹಂಡೆದಾಗಿನ ಅನ್ನ ಬೆಂದದೋ ಇಲ್ಲೋ ನೋಡ್ಲಿಕ್ಕ ಅಂಚಿನಾಗಿಂದು ಮುನ್ನೂರು ಅಗುಳು ತೆಗೆದ್ರೂ ಅಂಚಿಂದಷ್ಟೇ ಗೊತ್ತಾಗ್ತದ ಸರ್. ನಡುವಿಂದು, ತಳದ್ದು ಎಲ್ಲಾ ಕಲಸಿ ತೆಗೆದ್ರ ಮೂವತ್ತಾರು ಅಗುಳು ಸಾಕು. ಅಂದಾಜು ನಾಕೈದು ಅಂಕ ಆಕಡಿ ಈಕಡಿ ಆಗಬಹುದು. ಆದ್ರ ಊರಿಂದೇ ಆಗಿರ್ತದ, ಅಂಚಿಂದಲ್ಲ."

ಮಾಲಿಪಾಟೀಲರು ಪರದೆಯ ಕಡೆ ತಿರುಗಿದರು. "ಹೋದ ವರ್ಷ ನಾ ಒಂದು ದಿನ ತಡ ಮಾಡಿದ್ದೆ, ಮೇಡಂ. ಇನ್ನೊಮ್ಮಿ ಪರೀಕ್ಷೆ ಮಾಡೋಣು ಅಂತ. ಇನ್ನೂರ ಹನ್ನೊಂದು ಮಂದಿ ಹೋದ್ರು. ಆ ಹೆಣದ ಸಾಲು ನೋಡಿದವ ನಾ. ನಾಳಿ ನಾಲ್ಕಕ್ಕ ನಿಮ್ಮ ಲೆಕ್ಕ ನನ್ನ ಟೇಬಲ್ ಮ್ಯಾಲ ಇರಲಿಲ್ಲ ಅಂದ್ರ, ನಾ ಕವಾಟ ತೆರೀತೀನಿ."

ಅಲ್ಲೇ ಪಡಿತರ ಪಟ್ಟಿಯನ್ನು ಗಣಕಕ್ಕೆ ತುಂಬಿದರು. ಊರಿನ ಪ್ರತಿ ಹೆಸರಿಗೂ ಒಂದೊಂದು ಸಂಖ್ಯೆ. ಗಣಕ ಕುರುಡಾಗಿ ಮೂವತ್ತಾರು ಸಂಖ್ಯೆ ಆರಿಸಿತು. ಮಹಾನಂದಾ ಒಂದೊಂದಾಗಿ ಓದಿದಳು. ಅದರಲ್ಲಿ ಚಂದ್ರಶಾ ಇರಲಿಲ್ಲ. ಗೌರಾಬಾಯಿಯೂ ಇರಲಿಲ್ಲ. ಸೇರಿಸಲು ಬೆರಳು ತುಡಿಯಿತು. ಅವಳು ಕೈಕಟ್ಟಿ ಕೂತಳು. ಎಂಟು ಆರೋಗ್ಯ ಕೇಂದ್ರಗಳ ಕಾರ್ಯಕರ್ತೆಯರಿಗೆ ಪಟ್ಟಿ ಹಂಚಿ ಒಂದೇ ಮಾತು ಹೇಳಿದಳು: "ಚೀಟ್ಯಾಗ ಬಂದವರದ್ದೇ ಬೇಕು. ಬ್ಯಾರೆದವರದ್ದು ತಂದ್ರ ಚೆಲ್ಲತೀನಿ."

ಬೆಳಿಗ್ಗೆ ಐದೂವರೆಗೆ ಎದ್ದು ಹೊರಟಾಗ ಚಂದ್ರಶಾ ಕೌದಿಯೊಳಗೆ ಮಲಗಿದ್ದ. ನಾಡಿ ನಲವತ್ತೇಳಕ್ಕೆ ಏರಿತ್ತು. ಗೌರಾಬಾಯಿ ಅವಳ ಸೆರಗು ಹಿಡಿದರು.

"ನಿನ್ನಿ ನನ್ನ ರಕ್ತ ತಗೊಂಡು ಹೋದಿ. ಏನು ಬಂತು?"

ಮಹಾನಂದಾ ಸುಳ್ಳು ಹೇಳಲು ನೋಡಿದಳು, ಬಾಯಿ ಬರಲಿಲ್ಲ. "ಕಮ್ಮಿ ಅದ ಅತ್ತಿ."

"ಅವಂದು?"

"ಜಾಸ್ತಿ ಅದ."

ಮುದುಕಿ ಸೆರಗು ಬಿಟ್ಟರು. "ಅಂದ್ರ ನೀ ನೀರಿಗೆ ಮದ್ದು ಹೆಚ್ಚು ಹಾಕಿದ್ರ ಅಂವ ಹೋಗ್ತಾನ. ಹಾಕಲಿಲ್ಲಂದ್ರ ನಾ ಹೋಗ್ತೀನಿ."

"ಹಂಗ ಅನಬ್ಯಾಡ್ರಿ. ಹೆಚ್ಚು ನೀರು ಕುಡೀರಿ. ಬಚ್ಚಲಿಗೆ ನಾ ಕೈಹಿಡಿದು ಕರಕೊಂಡು ಹೋಗ್ತೀನಿ."

"ನೀ ಎಲ್ಲಿರ್ತೀ ಮನಿಯಾಗ?" ಎಂದರು ಗೌರಾಬಾಯಿ, ಸಿಟ್ಟಿಲ್ಲದೆ. ಎದ್ದು ನಿಂತು ಗೋಡೆ ಹಿಡಿದು ತಾವೇ ನಳದ ಕಡೆ ನಡೆದರು.

ಕೇಂದ್ರದಲ್ಲಿ ಆರಕ್ಕೆ ಮೊದಲ ಹನಿ ಯಂತ್ರಕ್ಕೆ ಹೋಯಿತು. ಹದಿನೈದು ನಿಮಿಷಕ್ಕೊಂದು ಅಂಕ. ನಲವತ್ತೊಂದು. ಅರವತ್ತೆಂಟು. ಮೂವತ್ತೊಂಬತ್ತು. ಐವತ್ತು. ಮಹಾನಂದಾ ಹಲಗೆಯ ಮೇಲೆ ಒಂದೊಂದನ್ನೂ ಬರೆದು, ಪ್ರತಿ ಸಲ ಸರಾಸರಿ ತೆಗೆಯುತ್ತಿದ್ದಳು. ಎಂಟು ಗಂಟೆಗೆ ಅದು ನಲವತ್ತೊಂಬತ್ತು ಇತ್ತು. ಹಿಂದೆ ನಿಂತ ಮಾಲಿಪಾಟೀಲರು "ಹೂಂ" ಅಂದು ಹೋದರು. ತಾನು ತಪ್ಪಿದ್ದರೆ? ಗಂಡನ ತಣ್ಣನೆ ಹಣೆ ಮುಟ್ಟಿದ ಗಾಬರಿಯಲ್ಲಿ ಇಡೀ ಊರನ್ನು ಗಂಡನಂತೆಯೇ ಕಾಣುತ್ತಿದ್ದರೆ? ನಾಳೆ ಬಿಸಿಗಾಳಿ ಬಂದು ಮುದುಕರೆಲ್ಲ ಸತ್ತರೆ, ಆ ಸಾಲಿನಲ್ಲಿ ಮೊದಲನೆಯವರು ಗೌರಾಬಾಯಿ.

ಹತ್ತಕ್ಕೆ ಐವತ್ತೆರಡು. ಆಮೇಲೆ ಗಣಿಯ ಕಡೆಯ ಹನಿಗಳು ಬರತೊಡಗಿದವು. ಎಪ್ಪತ್ತೊಂದು. ಎಪ್ಪತ್ತಾರು. ಅರವತ್ತೊಂಬತ್ತು. ಹನ್ನೊಂದೂವರೆಗೆ ಸರಾಸರಿ ಐವತ್ತೈದು ಮುಟ್ಟಿತು.

ಹನ್ನೆರಡೂವರೆ ಹೊತ್ತಿಗೆ ತಾಂಡಾದಿಂದ ಕಾರ್ಯಕರ್ತೆ ಇಂದುಮತಿಯ ಫೋನು ಬಂತು. "ಮೇಡಂ, ಎಲ್ಲಾರದೂ ಆತು, ಒಬ್ಬಾಕಿ ಉಳದಾಳ. ಸೋನಾಬಾಯಿ ರಾಠೋಡ. ಬಾಗಲಾನೇ ತೆಗೀವಲ್ಲಳು. ಹೋದ ವಾರ ಅಕಿ ಗಂಡ ಸತ್ತಾನ್ರಿ. ಬಾಜೂ ಮನಿ ಹೆಣ್ಮಗಳು ತಾನೇ ಬೆರಳು ಕೊಡ್ತೀನಿ ಅನ್ಲಕತ್ತಾಳ. ಇಬ್ಬರೂ ಒಂದೇ ವಯಸ್ಸಿನವರು, ಒಂದೇ ಕೆಲಸ. ಅಕಿದೇ ತಗೊಳ್ಳಲೇನ್ರಿ?"

ಎಂಥ ಸಣ್ಣ ಕೇಳಿಕೆ! ಎರಡು ವರ್ಷದ ಹಿಂದೆಯೂ ಇಷ್ಟೇ ಸಣ್ಣದಾಗಿತ್ತು. ಕೊಡುವವರು ಕೊಡದವರಂತೆ ಇರುವುದಿಲ್ಲ. ಬಾಗಿಲು ಹಾಕಿಕೊಂಡವರಿಗೆ ಹಾಕಿಕೊಳ್ಳಲು ಒಂದು ಕಾರಣವಿರುತ್ತದೆ, ಆ ಕಾರಣವೇ ಅಂಕದಲ್ಲೂ ಕೂತಿರುತ್ತದೆ.

"ಬ್ಯಾಡ. ನಾನೇ ಬರ್ತೀನಿ," ಎಂದಳು ಮಹಾನಂದಾ.

ಗಣಿಯ ತಾಂಡಾ ಊರಿಂದ ಹದಿನಾಲ್ಕು ಕಿಲೋಮೀಟರ್. ದಾರಿಯ ಎರಡೂ ಬದಿ ಕೊರೆದು ಬಿಟ್ಟ ಕಲ್ಲಿನ ಹೊಂಡಗಳು, ಅಡುಕಿಟ್ಟ ಫರಸಿ ಕಲ್ಲುಗಳ ಗೋಡೆಗಳು. ಜೀಪಿನ ಒಳಗೆ ಬಾಗಿಲ ಹಿಡಿಕೆ ಮುಟ್ಟಲಾಗುತ್ತಿರಲಿಲ್ಲ. ಅರ್ಧದಾರಿಯಲ್ಲಿ ಗಾಲಿ ಸಿಡಿದು, ಬದಲಾಯಿಸುವುದರಲ್ಲಿ ಮುಕ್ಕಾಲು ಗಂಟೆ ಹೋಯಿತು. ತಾಂಡಾ ಮುಟ್ಟಿದಾಗ ಎರಡು ಗಂಟೆ ಹತ್ತು ನಿಮಿಷ.

ಇಂದುಮತಿ ತೋರಿಸಿದ ಮನೆಯ ತಗಡಿನ ಬಾಗಿಲನ್ನು ಮಹಾನಂದಾ ಬಡಿದಳು.

"ಸೋನಾಬಾಯಿ, ನಾ ಜಲಕೇಂದ್ರದಾಕಿ. ಒಂದ್ ಮಾತು."

"ಹೋಗ್ರಿ," ಒಳಗಿಂದ ದನಿ ಬಂತು. "ಅಂವ ಬದುಕಿದ್ದಾಗ ಒಂದು ಹನಿ ರಕ್ತ ನೋಡಲಿಲ್ಲ ನೀವು. ಬಿದ್ದಾಗ ನೀರು ಕುಡಸ್ರಿ ಅಂದ್ರು, ಕುಡಸಿದೆ. ಕೊಡಗಟ್ಟಲೆ ಕುಡಸಿದೆ. ನನ್ನ ಕೈಯಾಗೇ ತಣ್ಣಗಾದ. ಈಗ ನನ್ನ ರಕ್ತ ಬೇಕಾತೇನು?"

ಮಹಾನಂದಾ ಬಾಗಿಲ ಹೊರಗೆ ನೆಲದ ಮೇಲೆ ಕೂತಳು. ನೆಲ ಸುಡುತ್ತಿತ್ತು.

"ನಿಮ್ಮ ಯಜಮಾನರು ಬಿಸಲಿನಿಂದ ಸತ್ತಿಲ್ಲ," ಎಂದಳು. "ನೀರಿನಿಂದ ಸತ್ತಾರ. ನಮ್ಮ ನೀರಿನಿಂದ. ಕುಡಸ್ರಿ ಅಂತ ಹೇಳಿದವರು ನಾವು, ಕುಡಸಿದ್ದು ನಿಮ್ಮ ತಪ್ಪಲ್ಲ. ಯಾರ ರಕ್ತ ನೋಡಬೇಕು ಅನ್ನೋದು ಗೊತ್ತು ಮಾಡಿದಾಕಿ ನಾನು. ನಾ ನಿಮ್ಮ ಕಡಿ ನೋಡಲೇ ಇಲ್ಲ."

ಮಹಾನಂದಾಳ ಕೈಗಡಿಯಾರದ ಮುಳ್ಳು ಮುಂದೆ ಹೋಗುತ್ತಿತ್ತು. ಎರಡು ಇಪ್ಪತ್ತೆರಡು.

ಚಿಲಕ ಸರಿಯಿತು. ಸೋನಾಬಾಯಿಗೆ ಮೂವತ್ತರ ಆಜುಬಾಜು ವಯಸ್ಸು. ಆ ಬೆಂಕಿಯಂಥ ಮಧ್ಯಾಹ್ನದಲ್ಲಿ ಮೈತುಂಬ ಕಂಬಳಿ ಹೊದ್ದಿದ್ದಳು.

"ಇವತ್ತ ಯಾಕ ಬಂದೀರಿ ಮತ್ತ?"

"ಚೀಟ್ಯಾಗ ನಿಮ್ಮ ಹೆಸರು ಬಂದದ."

"ನನ್ನ ಗಂಡ ಥಾವರ್ಯಾನ ಹೆಸರು ಯಾಕ ಬರಲಿಲ್ಲ?"

"ಆಗ ನಾವು ಚೀಟಿ ಎತ್ತತಿರಲಿಲ್ಲ. ಬಂದವರದ್ದು ತಗೋತಿದ್ವಿ. ಇವತ್ತ ಸಂಜಿ ನಾಲ್ಕಕ್ಕ ನೀರಿಗೆ ಇನ್ನೂ ಮದ್ದು ಹಾಕವರು ಇದ್ದಾರ. ನಿಲ್ಲಸಬೇಕಂದ್ರ ನನಗ ಮೂವತ್ತಾರು ಹನಿ ಬೇಕು. ಮೂವತ್ತೈದು ಸಿಕ್ಕಾವ."

ಸೋನಾಬಾಯಿ ಅವಳ ಮುಖವನ್ನೇ ನೋಡಿದಳು. ಆಮೇಲೆ ಕಂಬಳಿಯಿಂದ ಕೈ ಹೊರಗೆ ಚಾಚಿದಳು. ಮಹಾನಂದಾ ಬೆರಳು ಹಿಡಿದಳು. ಕೈ ಮಂಜಿನಂತಿತ್ತು. ನಾಡಿ ಮೂವತ್ತೊಂಬತ್ತು. ಅವಳು ಬೆರಳಿಗೆ ಚುಚ್ಚಿ ಹನಿಯನ್ನು ಸೀಸೆಗೆ ಹಿಡಿದಳು.

"ನಡೀರಿ, ಜೀಪ್ ಹತ್ರಿ," ಎಂದಳು. "ನೀವು ದವಾಖಾನಿಗೆ ಹೋಗಬೇಕು. ಈಗಿಂದೀಗ." ಸೋನಾಬಾಯಿ ಬೇಡವೆನ್ನಲೂ ತ್ರಾಣವಿಲ್ಲದೆ ಅವಳ ಹೆಗಲಿಗೆ ಒರಗಿದಳು.

ದವಾಖಾನೆಯ ಬಾಗಿಲಲ್ಲಿ ಸೋನಾಬಾಯಿಯನ್ನು ಇಳಿಸಿ, "ನಳದ ನೀರು ಹನಿಯಷ್ಟೂ ಕೊಡಬ್ಯಾಡ್ರಿ. ಬಿಸಲ ಹೊಡೆತ ಅಲ್ಲ ಇದು," ಎಂದು ವೈದ್ಯರಿಗೆ ಕೂಗಿ ಹೇಳಿ, ಮಹಾನಂದಾ ಕೇಂದ್ರ ಮುಟ್ಟಿದಾಗ ಮೂರು ಇಪ್ಪತ್ತು. ನುಸ್ರತ್ ಅವಳ ಕೈಯಿಂದ ಸೀಸೆ ಕಸಿದುಕೊಂಡಂತೆ ತೆಗೆದುಕೊಂಡು ಯಂತ್ರಕ್ಕೆ ಹಾಕಿದಳು. ಇಬ್ಬರೂ ನಿಂತೇ ಇದ್ದರು. ಮೂರು ಮೂವತ್ತಾರಕ್ಕೆ ಅಂಕ ಬಂತು. ಎಂಬತ್ತೊಂದು ಪಾಯಿಂಟ್ ಮೂರು.

"ಯಾ ಅಲ್ಲಾ," ಎಂದಳು ನುಸ್ರತ್.

ಮಹಾನಂದಾ ಕೊನೆಯ ಸಲ ಲೆಕ್ಕ ಹಾಕಿದಳು. ಮೂವತ್ತಾರು ಮಂದಿಯ ಸರಾಸರಿ ಐವತ್ತಾರು ಪಾಯಿಂಟ್ ಎಂಟು. ಅಂಕಗಳ ಚದುರುವಿಕೆ ಸುಮಾರು ಹದಿನೈದು. ಅದನ್ನು ಮೂವತ್ತಾರರ ವರ್ಗಮೂಲ ಆರರಿಂದ ಭಾಗಿಸಿದರೆ ಎರಡೂವರೆ. ಅದರ ಇಮ್ಮಡಿ ಐದು. ಊರಿನ ನಿಜವಾದ ಸರಾಸರಿ ಹೆಚ್ಚುಕಡಿಮೆ ಐವತ್ತೆರಡರಿಂದ ಅರವತ್ತೆರಡರ ನಡುವೆ ಎಲ್ಲೋ ಇತ್ತು. ನೂರರಲ್ಲಿ ತೊಂಬತ್ತೈದು ಪಾಲು ಆ ಜಾಲದಲ್ಲಿ ಅದು ಸಿಕ್ಕಿರಬೇಕು.

ನಿಯಂತ್ರಣ ಕೊಠಡಿಯಲ್ಲಿ ಕವಾಟದ ಗುಂಡಿಯ ಮುಂದೆ ಮಾಲಿಪಾಟೀಲರು ನಿಂತಿದ್ದರು. ಗೋಡೆಯ ಗಡಿಯಾರದಲ್ಲಿ ಮೂರು ನಲವತ್ತೈದು. ಅವಳು ಕೊಟ್ಟ ಕಾಗದವನ್ನು ಅವರು ಎರಡು ಸಲ ಓದಿದರು.

"ಕೆಳಗಿನ ತುದಿ ಐವತ್ತೆರಡು ಅಂತೀರಿ. ಮೂರನೇ ಒಂದು ಪಾಲು ಏರಿಸಿದ್ರ ಅರವತ್ತೊಂಬತ್ತು ಆಗ್ತದ. ಎಪ್ಪತ್ತಕ್ಕ ಇನ್ನೂ ಒಳಗೇ ಅದಲ್ಲ? ನಾಳಿಂದ ಐವತ್ಮೂರು ಡಿಗ್ರಿ, ಮೇಡಂ. ಏರಿಸಲಿಲ್ಲಂದ್ರ ಮತ್ತ ಆ ಸಾಲು ನಾ ನೋಡಬೇಕಾಗ್ತದ."

"ಸರ್, ಕೆಳಗಿನ ತುದೀನೇ ಖರೇ ಅಂತ ಯಾಕ ಹಿಡೀಬೇಕು? ನಡುವಿಂದು ಹಿಡದ್ರ ಎಪ್ಪತ್ತಾರು ಆಗ್ತದ. ಆಯ್ತು, ನೀವಂದಂಗೇ ಅರವತ್ತೊಂಬತ್ತು ಅಂತ ಇಟಗೊಳ್ಳೋಣು. ಅದು ಸರಾಸರಿ. ಸರಾಸರಿ ಅರವತ್ತೊಂಬತ್ತು ಅಂದ್ರ ಹೆಚ್ಚುಕಮ್ಮಿ ಅರ್ಧ ಊರು ಅದರ ಮ್ಯಾಲಿರ್ತದ. ಐವತ್ತು ಸಾವಿರ ಮಂದಿ ಎಪ್ಪತ್ತು ದಾಟತಾರ. ಈಗ್ಲೇ ಮೂರು ಮಂದಿ ಸತ್ತಾರ."

ಅವಳು ಪರದೆಯ ಕಡೆ ಕೈ ತೋರಿಸಿದಳು. "ನಿಮಗ ಊರು ಐವತ್ತೆಂಟಕ್ಕ ಬರಬೇಕಿತ್ತು. ಅದು ಈಗಾಗಲೇ ಐವತ್ತೇಳರಾಗ ಅದ. ನೀರಿಗೆ ಮದ್ದು ಹೆಚ್ಚಿಸಿ ಮುದುಕರನ್ನ ಉಳಸ್ಲಿಕ್ಕ ಆಗಂಗಿಲ್ಲ, ಅವರು ನೀರೇ ಕುಡ್ಯಂಗಿಲ್ಲ. ಅವರನ್ನ ಹುಡುಕಿ ಮದ್ದಿನ ಗುಳಗಿ ಕೊಡಬೇಕು, ತಂಪು ಕೋಣಿಗೆ ಕರಕೊಂಡು ಹೋಗಬೇಕು. ಗಣಿ ಬಂದ್ ಮಾಡ್ಸಿ ತಾಂಡಾಕ್ಕ ಸಪ್ಪನ ನೀರು ಕಳಸಬೇಕು. ನಮ್ಮ ಅತ್ತೀದು ಮೂವತ್ತೆಂಟು ಅದ ಸರ್. ಕವಾಟ ತೆರೀಲಿಲ್ಲಂದ್ರ ಮೊದಲ ಹೋಗೋರು ಅವರು. ಆದ್ರೂ ತೆರೀಬ್ಯಾಡ್ರಿ ಅಂತೀನಿ."

ಮೂರು ಐವತ್ತೊಂದು. ಕೆಳಗೆ ಪಂಪುಗಳ ಗುಡುಗು ಕಾಲಡಿಯ ನೆಲವನ್ನು ನಡುಗಿಸುತ್ತಿತ್ತು.

"ಹಳೇ ವಿಧಾನಕ್ಕ ಸಹಿ ಮಾಡಿದವರು ಯಾರು?" ಮಾಲಿಪಾಟೀಲರು ಕೇಳಿದರು.

"ನಾನೇ ಸರ್."

"ಅದನ್ನೂ ಬರದು ಕೊಡ್ತೀರೇನು?"

"ಕೊಡ್ತೀನಿ."

ಅವರು ಗುಂಡಿಯ ಮೇಲಿನ ಗಾಜಿನ ಮುಚ್ಚಳ ಹಾಕಿದರು. ಕೀಲಿ ತಿರುವಿ ಅದಕ್ಕೆ ಬೀಗ ಹಾಕಿದರು. ಆಮೇಲೆ ಕುರ್ಚಿಯ ಮೇಲೆ ಕೂತು, ಫೋನು ಎತ್ತಿ ಗಣಿಯ ವ್ಯವಸ್ಥಾಪಕರನ್ನು ಕರೆದರು.

ಬಿಸಿಗಾಳಿ ಹೇಳಿದ ದಿನವೇ ಬಂತು. ಮೂರು ದಿನ ಊರು ಬಾಗಿಲು ಹಾಕಿಕೊಂಡು ಕೂತಿತು. ಶಾಲೆಗಳ ಕೋಣೆಗಳಲ್ಲಿ ತಂಪುಯಂತ್ರ ಹಾಕಿ ನಾಲ್ಕು ಸಾವಿರ ಮುದುಕ ಮುದುಕಿಯರನ್ನು ಕರೆತಂದರು. ಗೌರಾಬಾಯಿ ಅಲ್ಲಿ ಗುಳಿಗೆ ನುಂಗುತ್ತ, ಪಕ್ಕದ ಮಂಚದ ಹೆಂಗಸಿನ ಜೊತೆ ಸೊಸೆಯ ಮೇಲೆ ದೂರು ಹೇಳುತ್ತ ಮೂರು ದಿನ ಕಳೆದರು. ತಾಂಡಾಕ್ಕೆ ಸಪ್ಪೆ ನೀರಿನ ಟ್ಯಾಂಕರುಗಳು ಹೋದವು. ಸೋನಾಬಾಯಿಯ ಬದಲು ಬೆರಳು ಕೊಡಲು ಬಂದಿದ್ದ ನೆರೆಮನೆಯವಳ ಅಂಕ ಎಪ್ಪತ್ತೊಂಬತ್ತು ಇತ್ತು. ಅವಳನ್ನೂ ಇನ್ನಿಬ್ಬರನ್ನೂ ಸಮಯಕ್ಕೆ ಸರಿಯಾಗಿ ದವಾಖಾನೆಗೆ ಸೇರಿಸಿದರು. ಚಂದ್ರಶಾನ ಮೈ ನಾಲ್ಕನೆಯ ದಿನ ಬೆಚ್ಚಗಾಯಿತು.

ಆದರೂ ಒಂಬತ್ತು ಮಂದಿ ಸತ್ತರು. ಹೋದ ವರ್ಷ ಇನ್ನೂರ ಹನ್ನೊಂದು, ಈ ವರ್ಷ ಒಂಬತ್ತು ಎಂದು ಊರೆಲ್ಲ ಹೊಗಳಿತು. ಮಹಾನಂದಾ ಆ ಒಂಬತ್ತಕ್ಕೆ ಅದಕ್ಕೂ ಮೊದಲು ತಾಂಡಾದಲ್ಲಿ ಸತ್ತ ಮೂವರನ್ನು ಕೂಡಿಸಿ ಹನ್ನೆರಡು ಎಂದು ವರದಿಯಲ್ಲಿ ಬರೆದಳು. ಅದರ ಕೆಳಗೆ ತನ್ನ ತಪ್ಪನ್ನು ತನ್ನದೇ ಅಕ್ಷರದಲ್ಲಿ ಬರೆದು ಸಹಿ ಮಾಡಿದಳು. ವಿಚಾರಣೆ ಆಗಬೇಕಿತ್ತು. ಕೆಲಸ ಉಳಿಯುತ್ತದೋ ಇಲ್ಲವೋ ಯಾರಿಗೂ ತಿಳಿದಿರಲಿಲ್ಲ.

ವರದಿ ಕೊಟ್ಟ ಮಧ್ಯಾಹ್ನ ಅವಳು ದವಾಖಾನೆಗೆ ಹೋದಳು. ಸೋನಾಬಾಯಿ ಮಂಚದ ಮೇಲೆ ಎದ್ದು ಕೂತಿದ್ದಳು. ಕಂಬಳಿ ಕಾಲ ಬಳಿ ಮಡಚಿ ಬಿದ್ದಿತ್ತು.

"ಚೀಟ್ಯಾಗ ನನ್ನ ಹೆಸರು ಬಂತಂತ ನಾ ಉಳದೆ," ಎಂದಳು ಸೋನಾಬಾಯಿ. "ಬರಲಾರದಿದ್ರ?"

ಮೂವತ್ತಾರು ಮಂದಿ ಇಡೀ ಊರಿನ ಪರವಾಗಿ ನಿಂತರು, ಅದರಿಂದ ಎಲ್ಲರೂ ಉಳಿದರು ಎಂದು ವಿವರಿಸಬಹುದಿತ್ತು. ಕೇಳಿದ್ದು ಅದಲ್ಲವೆಂದು ಮಹಾನಂದಾಳಿಗೆ ಗೊತ್ತಿತ್ತು. "ಗೊತ್ತಿಲ್ಲ," ಎಂದಳು.

"ಯಾವ ಪಟ್ಟಿಯಿಂದ ಎತ್ತಿದ್ರಿ ಚೀಟಿ?"

"ಪಡಿತರ ಪಟ್ಟಿಯಿಂದ. ಊರಿನ ಎಲ್ಲಾರ ಹೆಸರೂ ಇರ್ತಾವ ಅದರಾಗ."

"ಎಲ್ಲಾರದೂ?" ಸೋನಾಬಾಯಿ ಮೊದಲ ಸಲ ನಕ್ಕಳು, ಕಹಿಯಾಗಿ. "ನಮ್ಮ ತಾಂಡಾದಾಗ ಪಡಿತರ ಚೀಟಿ ಇರಲಾರದವರು ಎಷ್ಟು ಮಂದಿ ಇದ್ದಾರ ಗೊತ್ತೇನು ನಿಮಗ? ಆಂಧ್ರದ ಕಡಿಂದ ಕಲ್ಲು ಒಡೀಲಿಕ್ಕ ಬಂದವರು. ಮದುವಿ ಆಗಿ ಬಂದು ಹೆಸರು ಹಚ್ಚಲಾರದ ಹೆಣ್ಮಕ್ಕಳು. ಅವರೂ ಅದೇ ನೀರು ಕುಡೀತಾರ."

ಮಹಾನಂದಾ ತಾನು ಕಲಸಿದೆನೆಂದು ತಿಳಿದ ಹಂಡೆಯ ತಳದಲ್ಲಿ ಇನ್ನೂ ಒಂದು ಪದರ ಅಂಟಿಕೊಂಡಿತ್ತು. ಅವಳು ಚೀಲದಿಂದ ನೋಟುಪುಸ್ತಕ ತೆಗೆದು, ಸ್ಟೂಲು ಎಳೆದು ಮಂಚದ ಹತ್ತಿರ ಕೂತಳು.

"ಹೇಳ್ರಿ, ಬರಕೋತೀನಿ."

"ಮೊದಲನೇ ಮನಿಯಿಂದ ಹೇಳ್ತೀನಿ," ಎಂದು ಸೋನಾಬಾಯಿ ಕಣ್ಣು ಮುಚ್ಚಿಕೊಂಡು ತಾಂಡಾದ ಓಣಿಯಲ್ಲಿ ನಡೆಯುವವಳಂತೆ ಒಂದೊಂದೇ ಹೆಸರು ಹೇಳತೊಡಗಿದಳು. ನರ್ಸಮ್ಮ ಗುಳಿಗೆ ಹಿಡಿದು ಬರುವ ಹೊತ್ತಿಗೆ ನಲವತ್ಮೂರು ಹೆಸರಾಗಿದ್ದವು. ಓಣಿ ಇನ್ನೂ ಅರ್ಧ ಉಳಿದಿತ್ತು.